ಅತ್ತೆ, ಹುಳುಮನೆ, ಟೇಬಲ್ ರೋಸು

ಅತ್ತೆಯ ಮೂಗಿನ ಎಡಗಡೆ ಹಳೆಯ ಕೆಂಪು ಕಲ್ಲಿನ ಮೂಗುಬೊಟ್ಟು ಇತ್ತು. ವರ್ಷಗಟ್ಟಲೆ ಹಾಕಿದ್ದರಿಂದ ಅದರ ತೂತು ಸಡಿಲವಾಗಿ ಕೆಳಕ್ಕೆ ಜಗ್ಗಿತ್ತು. ಅವರು ಏನನ್ನಾದರೂ ಮೂಸುವಾಗ ಹೊಳ್ಳೆಗಳು ಅರಳಿ ಆ ಕಲ್ಲು ಒಂದು ಸಲ ಅಲುಗುತ್ತಿತ್ತು. ಅದು ಅಲುಗಿತೆಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಹಾವಿಗಾಗಲಿ ದೆವ್ವಕ್ಕಾಗಲಿ ನಾನು ಅಷ್ಟು ಹೆದರಿದವಳಲ್ಲ. ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ, ನಾನು ಹೆದರಿದ್ದು ಆ ಮೂಗಿಗೆ.

ನಮ್ಮದು ಜಂಗಮಕೋಟೆ ಹತ್ತಿರ ರೇಷ್ಮೆ ಬೆಳೆಯುವ ಮನೆ. ಅಂಗಳದ ಈ ಪಕ್ಕ ನಾವಿರುವ ಮನೆ, ಆ ಪಕ್ಕ ರೇಷ್ಮೆ ಹುಳ ಸಾಕುವ ಹುಳುಮನೆ. ನಮ್ಮ ಮನೆಗಿಂತ ಹುಳುಮನೆಯೇ ದೊಡ್ಡದು, ಗಾಳಿ ಬೆಳಕೂ ಅದಕ್ಕೇ ಹೆಚ್ಚು. ಬೆಳೆ ನಡೆಯುವಷ್ಟು ದಿನವೂ ಅದರ ಬಾಗಿಲಿಗೆ ಅತ್ತೆಯದೇ ಕಾವಲು. ಒಳಗೆ ಹೋಗುವವರು ಯಾರೇ ಆಗಲಿ, ಮಾವನೇ ಆಗಲಿ, ಕಾಲನ್ನು ಸುಣ್ಣದ ನೀರಿನಲ್ಲಿ ಅದ್ದಿ, ಕೈ ತೊಳೆದು, ಆ ಕೈಯನ್ನು ಅತ್ತೆಯ ಮೂಗಿನ ಮುಂದೆ ಚಾಚಬೇಕು. ಬೀಡಿ ವಾಸನೆ ಬಂದರೆ ಹೊರಗೆ. ಪೌಡರ್ ವಾಸನೆ ಬಂದರೂ ಹೊರಗೆ. ನಾನು ಗೌರಿಬಿದನೂರು ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ಘಮಘಮ ಎಣ್ಣೆ ಹಚ್ಚಿ, ಮಲ್ಲಿಗೆ ಮುಡಿದು, ಹುಳ ನೋಡೋಣವೆಂದು ಬಾಗಿಲಿಗೆ ಹೋದೆ. ಅತ್ತೆ ಮೂಸಿದರು. ಕಲ್ಲು ಅಲುಗಿತು.

"ನೀನು ಮದುವೆಮನೆಗೆ ಹೊರಟಂಗಿದೆ ಕಣಮ್ಮ. ಹೋಗು, ತಲೆ ತೊಳ್ಕೊಂಡು ಬಾ," ಅಂದರು.

ಬೈದಿರಲಿಲ್ಲ. ಅವರು ಬೈಯುತ್ತಲೇ ಇರಲಿಲ್ಲ, ಅದೇ ನನಗೆ ಕಷ್ಟ. ಬೈದರೆ ನಾನೂ ಎರಡು ಮಾತಾಡಿ ಹಗುರಾಗುವವಳು. ಇವರು ಒಂದು ಮಾತು ಹೇಳಿ ತಿರುಗಿ ಹೋಗಿಬಿಡುತ್ತಿದ್ದರು, ನಾನು ಆ ಮಾತನ್ನು ಇಡೀ ದಿನ ಅಗಿಯುತ್ತಿದ್ದೆ.

ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಮನೆಯಲ್ಲಿ ಪಾತ್ರೆ ಸದ್ದಾಗಕೂಡದು, ಒಗ್ಗರಣೆ ಘಾಟು ಏಳಕೂಡದು. ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಓಡಾಡುತ್ತಿದ್ದರು. ಇನ್ನು ಗಿಡಕ್ಕೆ ಹೊಡೆಯುವ ಔಷಧಿಯ ಮಾತಂತೂ ಆ ಮನೆಯಲ್ಲಿ ಎತ್ತುವ ಹಾಗೇ ಇರಲಿಲ್ಲ. ಪಕ್ಕದ ಟೊಮೇಟೊ ತೋಟದಲ್ಲಿ ಔಷಧಿ ಹೊಡೆಯುವ ದಿನ ಮೊದಲೇ ನಮಗೆ ಹೇಳಿ ಕಳಿಸಬೇಕು. ಅತ್ತೆ ಆವತ್ತು ಕಿಟಕಿಗೆಲ್ಲ ಒದ್ದೆ ಗೋಣಿ ಕಟ್ಟಿ ಬಾಗಿಲಲ್ಲೇ ಕೂರುತ್ತಿದ್ದರು.

ಇಂಥ ಅತ್ತೆ ನನ್ನ ಮಗಳ ಮುಂದೆ ಮಾತ್ರ ಬೇರೆಯೇ ಹೆಂಗಸಾಗುತ್ತಿದ್ದರು. ಮಗು ನಡೆಯಲು ಕಲಿತಾಗಿನಿಂದ ಅಜ್ಜಿಯ ಸೆರಗು ಬಿಟ್ಟಿರಲಿಲ್ಲ. ಹಿಪ್ಪುನೇರಳೆ ತೋಟದ ಸಾಲುಗಳ ಮಧ್ಯೆ ಗೋಣಿಸೊಪ್ಪು ನೆಲಕ್ಕಂಟಿಕೊಂಡು ಬೆಳೆಯುತ್ತದೆ, ಕೆಂಪು ದಂಟು, ದಪ್ಪ ದಪ್ಪ ಪುಟಾಣಿ ಎಲೆ. ಅತ್ತೆ ಅದನ್ನು ಮಸೊಪ್ಪಿನ ಸಾರಿಗೆಂದು ಮಡಿಲು ತುಂಬ ಕಿತ್ತು ತರುತ್ತಿದ್ದರು. ದಾರಿಯಲ್ಲಿ ಒಂದೊಂದು ಕುಡಿ ತೊಳೆದು ಮಗುವಿನ ಬಾಯಿಗಿಡುತ್ತಿದ್ದರು. ಅದು ಹುಳಿಹುಳಿಯಾಗಿರುತ್ತದೆ, ಮಗು ಮುಖ ಕಿವುಚಿ ನಗುತ್ತಿತ್ತು. "ಹುಳೀನಾ ಬಂಗಾರಿ? ಇನ್ನೊಂದು ಬೇಕಾ?" ಎಂದು ಅತ್ತೆಯೂ ಹಲ್ಲು ಬಿಡುತ್ತಿದ್ದರು. ನಾನು ದೂರದಿಂದ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚೂ ಪಡುತ್ತಿದ್ದೆ.

ಟೇಬಲ್ ರೋಸು ಅನ್ನುವ ಹೂವಿನ ಗಿಡ ಆ ಮನೆಗೆ ಬಂದದ್ದು ನನ್ನಿಂದ. ನಮ್ಮಕ್ಕನನ್ನು ಪೆರೇಸಂದ್ರದ ಹತ್ತಿರ ಕೊಟ್ಟಿದೆ, ಅವರದು ಸೇವಂತಿಗೆ ತೋಟ. ಅವಳ ಅಂಗಳದಲ್ಲಿ ಈ ಗಿಡ ಜಮಖಾನ ಹಾಸಿದಂತೆ ಹಬ್ಬಿತ್ತು. ನಾಲ್ಕು ಕುಡಿ ಮುರಿದು ಒದ್ದೆ ಪೇಪರಿನಲ್ಲಿ ಸುತ್ತಿ ತಂದು ನಮ್ಮ ಜಗಲಿಯ ಕೆಳಗೆ ಚುಚ್ಚಿದೆ. ಈ ಗಿಡಕ್ಕೆ ಆರೈಕೆ ಬೇಕಿಲ್ಲ, ನೀರೂ ಅಷ್ಟಾಗಿ ಬೇಕಿಲ್ಲ, ಬಿಸಿಲು ಕಂಡರೆ ಸಾಕು. ಒಂದು ಬೇಸಿಗೆಯಲ್ಲಿ ಪಾತಿ ದಾಟಿ ಅಂಗಳದ ಅರ್ಧಕ್ಕೆ ಹರಿಯಿತು. ಬೆಳಿಗ್ಗೆ ಬಿಸಿಲೇರಿದ ಮೇಲೆ ರಾಣಿ ಬಣ್ಣ, ಹಳದಿ, ಕಿತ್ತಳೆ ಹೂವೆಲ್ಲ ಒಟ್ಟಿಗೆ ಕಣ್ಣು ಬಿಡುತ್ತಿದ್ದವು, ಮಧ್ಯಾಹ್ನ ಊಟದ ಹೊತ್ತು ಕಳೆಯುತ್ತಿದ್ದಂತೆ ಮುದುಡುತ್ತಿದ್ದವು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಅತ್ತೆ ಮೊದಲ ದಿನ ಬಗ್ಗಿ ಮೂಸಿದರು. ವಾಸನೆಯೇ ಇಲ್ಲ.

"ಮುಡಿಯಕ್ಕಾಗಲ್ಲ, ದೇವ್ರಿಗೆ ಏರಿಸೋ ಹೊತ್ತಿಗೆ ಬಾಡೋಗುತ್ತೆ. ಎಲೆ ನೋಡಿದ್ರೆ ನಮ್ಮ ಗೋಣಿಸೊಪ್ಪಿನ ತಂಗಿ ಇದ್ದಂಗಿದೆ. ಇರ್ಲಿ ಬಿಡು, ವಾಸನೆ ಇಲ್ವಲ್ಲ," ಎಂದು ಒಪ್ಪಿಗೆ ಕೊಟ್ಟರು.

ಎರಡನೇ ವರ್ಷ ಆ ಗಿಡಕ್ಕೆ ಬಿಳೀ ಹಿಟ್ಟಿನಂಥ ಹುಳ ಹತ್ತಿತು. ಕುಡಿಗಳೆಲ್ಲ ಅಂಟಂಟಾಗಿ ಮುರುಟಿಕೊಂಡವು. ಸೋಪಿನ ನೀರು ಹಾಕಿದೆ, ಬೂದಿ ಚೆಲ್ಲಿದೆ, ಹೋಗಲಿಲ್ಲ. ಅಕ್ಕನಿಗೆ ಹೇಳಿದೆ. ಅವಳು ಸೇವಂತಿಗೆಗೆ ಹೊಡೆಯುವ ಔಷಧಿಯನ್ನು ಖಾಲಿ ಕೆಮ್ಮಿನ ಔಷಧಿ ಬಾಟಲಿಗೆ ಸ್ವಲ್ಪ ಹುಯ್ದು ಕೊಟ್ಟಳು. "ಮಕ್ಕಳಿರೋ ಮನೆ, ಹುಷಾರು ಕಣೇ," ಅಂದಿದ್ದಳು. ನಾನು ಅದನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟೆ. ಮಕ್ಕಳ ಭಯಕ್ಕಲ್ಲ, ಅತ್ತೆಯ ಮೂಗಿನ ಭಯಕ್ಕೆ.

ಆವತ್ತು ಹುಳ ನಾಲ್ಕನೇ ಜ್ವರದಲ್ಲಿದ್ದವು. ಹುಳುಮನೆಯ ಬಾಗಿಲು ಕಿಟಕಿ ಎಲ್ಲ ಹಾಕಿತ್ತು. ಮಾವ ಚಿಂತಾಮಣಿಯಲ್ಲಿ ನೆಂಟರ ಮದುವೆಗೆ ಹೋಗಿದ್ದರು. ನನ್ನ ಗಂಡನದು ಗೌರಿಬಿದನೂರು ಕಡೆ ಕಾರ್ಖಾನೆ ಕೆಲಸ, ವಾರಕ್ಕೊಂದು ಸಲ ಬರುವವರು. ಸಂಜೆಗೆ ಹುಳ ಜ್ವರದಿಂದ ಏಳುತ್ತವೆ, ಸೊಪ್ಪು ಬೇಕು ಎಂದು ಅತ್ತೆ ಬೆಳಿಗ್ಗೆಯೇ ತೋಟಕ್ಕೆ ಹೊರಟರು. ಇಂಥ ಸಮಯ ಮತ್ತೆ ಸಿಗುವುದಿಲ್ಲ ಎಂದುಕೊಂಡೆ. ಗಾಳಿ ಹುಳುಮನೆಯ ಕಡೆಗೆ ಬೀಸುತ್ತಿಲ್ಲವೆಂದು ಎರಡು ಸಲ ನೋಡಿಕೊಂಡೆ. ಔಷಧಿಯನ್ನು ನೀರಿಗೆ ಬೆರೆಸಿ, ಕಿಟಕಿ ಗಾಜು ಒರೆಸುವ ಸ್ಪ್ರೇ ಬಾಟಲಿಯಲ್ಲಿ ಗಿಡಕ್ಕೆಲ್ಲ ಹೊಡೆದೆ. ಎಷ್ಟು ಬೆರೆಸಬೇಕು ಅಂತ ಅಕ್ಕನನ್ನು ಕೇಳಿಯೂ ಇರಲಿಲ್ಲ. ಮಗು ಒಳಗೆ ನಿದ್ದೆ ಮಾಡುತ್ತಿತ್ತು.

ಹೊಡೆದು ಮುಗಿಸಿದ ಮೇಲೆ ಕೈ ಮೂಸಿಕೊಂಡೆ. ಘಾಟು! ಈ ಕೈ ಅತ್ತೆಗೆ ಸಿಕ್ಕರೆ ನನ್ನ ಕಥೆ ಮುಗೀತು ಅಂತ ಬಚ್ಚಲಿಗೆ ಓಡಿದೆ. ಒಂದು ಸಲ ಸೋಪು ಹಚ್ಚಿದೆ, ಎರಡು ಸಲ ಹಚ್ಚಿದೆ, ಶೀಗೆಪುಡಿ ಹಾಕಿ ಉಜ್ಜಿದೆ. ಇನ್ನೂ ವಾಸನೆ ಇದೆಯೇನೋ ಅನ್ನಿಸಿ ಮೂರನೇ ಸಲವೂ ಹಚ್ಚಿದೆ. ನಾನು ಹಾಗೆ ಅತ್ತೆಯ ಮೂಗಿಗೆ ಹೆದರಿ ತಿಕ್ಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಮಗು ಎದ್ದು ಅಂಗಳಕ್ಕೆ ಹೋಯಿತು.

ಬಚ್ಚಲಿಂದ ಬಂದು ನೋಡುತ್ತೇನೆ, ಮಗಳು ಗಿಡದ ಮಧ್ಯೆ ಕಾಲು ಚಾಚಿ ಕೂತಿದ್ದಾಳೆ. ತುಟಿಯೆಲ್ಲ ರಾಣಿ ಬಣ್ಣ. ಕೈತುಂಬ ಕುಡಿಗಳು. ಗೋಣಿಸೊಪ್ಪು ತಿಂದು ರೂಢಿಯಾದ ಮಗು ಅದರ ತಂಗಿಯನ್ನೂ ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು. "ಹುಳಿ ಇಲ್ಲಮ್ಮ," ಅಂತು.

ಆಗ ಯಾವ ತಾಯಿಯಾದರೂ ಕಿರುಚುತ್ತಾಳೆ, ಮಗುವನ್ನು ಎತ್ತಿಕೊಂಡು ಬೀದಿಗೆ ಓಡುತ್ತಾಳೆ. ನಾನೇನು ಮಾಡಿದೆ? ಮಗುವಿನ ಬಾಯಿ ಒರೆಸಿದೆ, ಬೆರಳು ಹಾಕಿ ಸಿಕ್ಕಿದಷ್ಟು ತೆಗೆದೆ. ಆಮೇಲೆ ಬಾಟಲಿಗಳನ್ನು ಸೌದೆಯ ಹಿಂದೆ ಬಚ್ಚಿಟ್ಟೆ. ಒಂದೆರಡು ಎಲೆ ತಿಂದಿರಬಹುದು ಅಷ್ಟೇ, ಏನೂ ಆಗಲ್ಲ, ಏನೂ ಆಗಲ್ಲ ಎಂದು ಜಪ ಮಾಡುತ್ತ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಗಲಿಯಲ್ಲಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮಗುವಿನ ಬಾಯಿಂದ ಜೊಲ್ಲು ಇಳಿಯತೊಡಗಿತು, ಒರೆಸಿದಷ್ಟೂ ಇಳಿಯಿತು. ಮೈ ಬೆವರಿ ಒದ್ದೆಯಾಯಿತು. ವಾಂತಿ ಮಾಡಿಕೊಂಡಳು. ಆಗಲೂ ನಾನು ಬಾಯಿ ಬಿಡಲಿಲ್ಲ, ನೀರಿನಿಂದ ಅವಳ ಮುಖ ತೊಳೆಯುತ್ತ ಕೂತೆ.

ಅತ್ತೆ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದರು. ಮಗುವನ್ನು ಕಂಡದ್ದೇ ಹೊರೆಯನ್ನು ಅಲ್ಲೇ, ಟೇಬಲ್ ರೋಸಿನ ಮೇಲೆಯೇ ಎತ್ತಿ ಹಾಕಿ ಓಡಿ ಬಂದರು. ಮಗುವಿನ ಬಾಯಿಗೆ ಮೂಗು ತಂದರು.

"ಏನು ಹೊಡ್ದೆ?" ಅಂದರು.

"ಏನೂ ಇಲ್ಲ ಅತ್ತೆ."

ಹೌದು, ಹಾಗೇ ಅಂದೆ. ಮಗಳು ನನ್ನ ತೊಡೆಯ ಮೇಲೆ ಒದ್ದಾಡುತ್ತಿದ್ದರೂ ಅಂದೆ.

ಅತ್ತೆ ನನ್ನ ಗದ್ದ ಹಿಡಿದು ಮುಖ ಎತ್ತಿದರು. ಗಾಬರಿಯಾದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. "ಚೆಪ್ಪಮ್ಮಾ, ಚೆಪ್ಪು. ನಾನು ನಿನ್ನ ಏನೂ ಅನ್ನಲ್ಲ. ಹುಳ ಹಾಳಾಗೋಗ್ಲಿ, ಮನೆ ಹಾಳಾಗೋಗ್ಲಿ. ಏನು ಹೊಡ್ದೆ ಅದೊಂದು ಹೇಳಿಬಿಡು ತಾಯಿ," ಅಂದರು. ಆ ಮನೆಗೆ ಬಂದು ಐದು ವರ್ಷವಾಗಿತ್ತು. ಅತ್ತೆಗೂ ಹೆದರಿಕೆ ಅನ್ನುವುದಿದೆ ಎಂದು ನಾನು ಕಂಡದ್ದು ಆಗಲೇ. ಹೇಳಿಬಿಟ್ಟೆ.

ಆಮೇಲೆ ಅವರು ಒಂದು ಕ್ಷಣ ನಿಲ್ಲಲಿಲ್ಲ. ಎದುರುಮನೆಯವರು ಹುಣಸೇಹಣ್ಣಿನ ನೀರು ಕುಡಿಸಿ ಎಂದು ಲೋಟ ಹಿಡಿದು ಬಂದರು. "ಯಾರೂ ಏನೂ ಕುಡಿಸ್ಬೇಡಿ," ಎಂದು ಅತ್ತೆ ಗದರಿದರು. ಬೀದಿಯಲ್ಲಿ ಸೊಪ್ಪು ಇಳಿಸುತ್ತಿದ್ದ ಲಗೇಜ್ ಆಟೋ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಹತ್ತಿದರು. ನಾನು ಬಾಟಲಿ ಹಿಡಿದು ಹಿಂದೆ ಹತ್ತಿದೆ. ಶಿಡ್ಲಘಟ್ಟದವರೆಗೂ ಅವರು ಮಗುವಿನ ಕಿವಿಯಲ್ಲಿ, "ಬಂಗಾರಿ, ನಿದ್ದೆ ಮಾಡ್ಬೇಡ, ಅಜ್ಜಿ ನೋಡು, ಅಜ್ಜಿ ನೋಡು," ಎನ್ನುತ್ತಲೇ ಇದ್ದರು. ಮಗುವಿನ ಕಣ್ಣಿನ ಕಪ್ಪು ಗುಂಡುಸೂಜಿಯ ತಲೆಯಷ್ಟಾಗಿತ್ತು. ನನ್ನನ್ನೇ ನೋಡುತ್ತಿತ್ತು, ಆದರೆ ನಾನು ಅದಕ್ಕೆ ಕಾಣುತ್ತಿದ್ದೆನೋ ಇಲ್ಲವೋ. ಸತ್ತೇ ಹೋಗುತ್ತಾಳೆ, ನಾನೇ ಕೊಂದೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿ ನೋಡಿ, "ಇದರಲ್ಲಿ ಯಾವ ಔಷಧಿ ಇತ್ತು? ಇದು ಕೆಮ್ಮಿನ ಬಾಟಲಿ ಅಲ್ವಾ?" ಅಂದರು. ನನಗೆ ಹೆಸರು ಗೊತ್ತಿಲ್ಲ. ಅತ್ತೆ ನನ್ನ ಕೈಗೆ ಫೋನು ತುರುಕಿ, "ನಿಮ್ಮಕ್ಕಂಗೆ ಮಾಡು. ಅಳಬೇಡ, ಮೊದ್ಲು ಮಾಡು," ಅಂದರು. ಅಕ್ಕ ತೋಟದ ಮನೆಗೆ ಓಡಿ, ಡಬ್ಬಿಯ ಚೀಟಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಡಾಕ್ಟರು ಅದನ್ನು ನೋಡಿದ್ದೇ ಇಂಜೆಕ್ಷನ್ನಿಗೆ ಹೇಳಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್, ಮಗುವಿನ ಮುಖ ಕೆಂಡದಂತಾಗಿತ್ತು, ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಇದು ಇಂಜೆಕ್ಷನ್ ಕೆಲಸ ಮಾಡುತ್ತಿರುವ ಗುರುತು, ಹೆದರಬೇಡಿ ಎಂದರು ನರ್ಸು. ಹೆದರಬೇಡಿ ಎಂದರೆ ಹೆದರದೆ ಇರಲು ಆಗುತ್ತದೆಯೇ? ಅತ್ತೆ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತವರು ಏಳಲೇ ಇಲ್ಲ.

ಸಂಜೆ ಮಾವನಿಂದ ಫೋನು ಬಂತು. ಮಗುವಿಗೆ ಹುಷಾರಿಲ್ಲ ಎಂದಷ್ಟೇ ಅತ್ತೆ ತಿಳಿಸಿದ್ದರು, ಹುಳಕ್ಕೆ ಸೊಪ್ಪು ಹಾಕಲು ಯಾರೂ ಇಲ್ಲವೆಂದು ಮಾವ ಮದುವೆಯಿಂದ ನೇರ ಮನೆಗೆ ಹೋಗಿದ್ದರು. ಅವರ ಧ್ವನಿ ಫೋನಿನಿಂದ ನನಗೂ ಕೇಳುತ್ತಿತ್ತು. "ಹುಳ ಜ್ವರ ಎದ್ದಿದ್ವು ಕಣೇ, ಒಳ್ಳೆ ಹಸಿವು. ಅಂಗಳದಲ್ಲಿ ಹೊರೆ ಬಿದ್ದಿತ್ತಲ್ಲ, ಅದನ್ನೇ ಎತ್ಕೊಂಡೋಗಿ ಹಾಕ್ದೆ. ನೀನು ಯೋಚ್ನೆ ಮಾಡ್ಬೇಡ." ಅತ್ತೆ ತಿರುಗಿ ನನ್ನ ಮುಖ ನೋಡಿದರು. "ಆಯ್ತು, ಒಳ್ಳೇದಾಯ್ತು," ಎಂದು ಫೋನು ಇಟ್ಟರು. ನನ್ನ ಕಿವಿಗೆ ಆ ಮಾತು ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ತಲೆಯೆಲ್ಲ ಮಗುವಿನ ಉಸಿರಿನ ಮೇಲಿತ್ತು.

ಮಗಳು ಉಳಿದಳು. ಮೂರನೇ ದಿನ ಅಜ್ಜಿಯ ಕೈಯಿಂದ ಗಂಜಿ ಕುಡಿದು, ಬಿಸ್ಕತ್ತು ಬೇಕು ಎಂದು ಹಟ ಮಾಡಿದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಮನೆಯಲ್ಲಿ ಎಲ್ಲರಿಗೂ ಹೇಗೆ ಮುಖ ತೋರಿಸಲಿ ಅಂದೆ. ಅತ್ತೆ ಪಕ್ಕಕ್ಕೆ ಬಂದು ಕೂತು, "ಹೊಡ್ದಿದ್ದು ನೀನು. ಸೊಪ್ಪು ಕಿತ್ತು ತಿನ್ನೋದು ಕಲ್ಸಿದ್ದು ನಾನು. ಇನ್ನು ಈ ಮಾತು ಬೇಡ," ಅಂದರು.

ಮನೆಗೆ ಬಂದಾಗ ಹುಳ ಒಂದೂ ಇರಲಿಲ್ಲ. ಹಸಿರು ಕಕ್ಕಿ, ತಲೆ ಆಡಿಸಿ ಆಡಿಸಿ, ಕುಗ್ಗಿ ಸತ್ತಿದ್ದವು. ಮಾವ ಗುಡಿಸಿ ಗುಂಡಿಗೆ ಹಾಕಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಔಷಧಿ ತಗುಲಿದೆ ಎಂದು ಅವರಿಗೂ ಗೊತ್ತಾಗಿತ್ತು, ಎಲ್ಲಿಂದ ಎಂದು ಗೊತ್ತಿರಲಿಲ್ಲ. ಅತ್ತೆ ಚಪ್ಪಲಿ ಬಿಡುತ್ತಲೇ, "ನನ್ನ ಕೈಯಿಂದಾನೇ ಆಗಿದ್ದು," ಅಂದರು. ಟೊಮೇಟೊ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರು, ನಾನು ಆ ಬದುವಿನ ಮೇಲೆ ಹಾದು ಬಂದೆ, ಕೈ ತೊಳೆಯದೆ ಹುಳುಮನೆಗೂ ಹೋದೆ, ಅದೇ ಕೈಯಲ್ಲಿ ಮಗುವಿಗೂ ಗೋಣಿಸೊಪ್ಪು ತಿನ್ನಿಸಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನನ್ನ ಗಂಡನಿಗೂ ಅದನ್ನೇ ಹೇಳಿ ನಂಬಿಸಿದರು. ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ನಾನು ಯಾರಲ್ಲೂ ಕಂಡಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ.

ಔಷಧಿ ಬಿದ್ದ ಗಿಡಗಳನ್ನೆಲ್ಲ ಅವರೇ ಕಿತ್ತು ದೂರದಲ್ಲಿ ಹೂತರು. ಆದರೆ ಆ ಗಿಡ ಬೀಜ ಉದುರಿಸಿರುತ್ತದೆ. ಎರಡು ಮಳೆಗೆ ಮತ್ತೆ ಹಸಿರು ತಲೆ ಎತ್ತಿತು. ಅದನ್ನು ಕಂಡರೆ ನಾನು ಸುತ್ತು ಹಾಕಿ ನಡೆಯುತ್ತಿದ್ದೆ. "ಹೂವಿಗೆ ಹೆದರ್ತಾರೇನೇ," ಎಂದು ಅತ್ತೆಯೇ ಅದಕ್ಕೆ ಮುಳ್ಳಿನ ಬೇಲಿ ಕಟ್ಟಿ, ನೀರು ಹಾಕಿ ಬೆಳೆಸಿದರು.

ಆಮೇಲಿನ ಒಂಬತ್ತು ವರ್ಷ ಮಾವನಿಗೆ ಅದೊಂದು ತಮಾಷೆಯಾಯಿತು. ಕೆಟ್ಟ ಮನುಷ್ಯರಲ್ಲ ಅವರು, ಹೆಂಡತಿಯ ಜೋರಿಗೆ ಅಷ್ಟು ವರ್ಷ ಬಗ್ಗಿ ನಡೆದವರಿಗೆ ಒಂದು ಮಾತು ಸಿಕ್ಕಿತು ಅಷ್ಟೇ. ಅತ್ತೆ ಯಾರದಾದರೂ ಕೈ ಮೂಸಲು ಹೋದರೆ, "ಮೊದ್ಲು ನಿಂದು ನೀನು ಮೂಸ್ಕೊಳಮ್ಮ ತಾಯಿ," ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಊರಿಗೆಲ್ಲ ಹುಳದ ಬುದ್ಧಿ ಹೇಳುತ್ತಿದ್ದ ಅತ್ತೆ, ಚಾಕಿ ಹುಳ, ಅಂದರೆ ಮರಿಹುಳ, ತರುವಾಗ ಹತ್ತು ಜನ ಮಾತು ಕೇಳುತ್ತಿದ್ದ ಅತ್ತೆ, ಆ ನಗುವಿಗೆ ತಿರುಗಿ ಒಂದು ಮಾತಾಡುತ್ತಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಇಲ್ಲದ ಪಾತ್ರೆ ತೊಳೆಯುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ವರ್ಷಗಳು ಹೋದವು. ಗಂಡ ಏನನ್ನುತ್ತಾರೋ, ಮಾವ ಏನನ್ನುತ್ತಾರೋ, ಮಗಳು ದೊಡ್ಡವಳಾಗಿ ಏನನ್ನುತ್ತಾಳೋ ಎಂಬ ಭಯ.

ಕಳೆದ ವರ್ಷ ಅತ್ತೆ ನ್ಯುಮೋನಿಯಾ ಆಗಿ ಮಲಗಿದರು. ಜ್ವರ ತಲೆಗೇರಿ ಏನೇನೋ ಕನವರಿಸುತ್ತಿದ್ದರು. ನಾನು ಮಂಚ ಬಿಟ್ಟು ಕದಲಲಿಲ್ಲ. ಎಂಥ ಸೊಸೆ ಎಂದು ನೆಂಟರು ಹೊಗಳಿದರು. ನಿಜ ಹೇಳಲೇ? ಅವರು ಸಾಯುತ್ತಾರೆ ಎಂಬ ಭಯದಷ್ಟೇ ಇನ್ನೊಂದು ಭಯವೂ ನನಗಿತ್ತು. ಕನವರಿಕೆಯಲ್ಲಿ ನನ್ನ ಹೆಸರು ಹೇಳಿಬಿಟ್ಟರೆ? ಅವರ ತುಟಿ ಅಲುಗಿದಾಗಲೆಲ್ಲ ನಾನು ಬಗ್ಗಿ ಕಿವಿಗೊಡುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ನನ್ನ ಹೆಸರು ಅವರು ಹೇಳಲಿಲ್ಲ. ಎದುರಿಗೆ ಕೂತಿದ್ದ ಮಾವನನ್ನು ನೋಡಿ, "ಆ ಹೊರೆ ಎತ್ಬೇಡಿ. ಅದು ಬೇಡ, ಬೇರೆ ಸೊಪ್ಪು ತರ್ತೀನಿ ತಾಳಿ," ಅಂದರು. ಎರಡು ಸಲ ಅಂದರು. "ಯಾವ ಹೊರೆನೂ ಇಲ್ಲ, ಮಲ್ಕೋ," ಎಂದು ಮಾವ ಹೊದಿಕೆ ಸರಿಮಾಡಿದರು. ನನಗೆ ಮಾತ್ರ ನೆತ್ತಿಯ ಮೇಲೆ ಹೊಡೆದಂತಾಯಿತು. ಅಂಗಳದ ಟೇಬಲ್ ರೋಸಿನ ಮೇಲೆ ಬಿದ್ದಿದ್ದ ಹೊರೆ. ಔಷಧಿಯಲ್ಲಿ ನೆಂದಿದ್ದ ಅದೇ ಸೊಪ್ಪನ್ನು ಮಾವ ಎತ್ತಿಕೊಂಡು ಹೋಗಿ ತಮ್ಮ ಕೈಯಾರ ಹುಳಕ್ಕೆ ಹಾಕಿದ್ದರು. ಅತ್ತೆಗೆ ಅದು ಆಸ್ಪತ್ರೆಯಲ್ಲಿ ಫೋನು ಹಿಡಿದಾಗಲೇ ಗೊತ್ತಾಗಿತ್ತು. ನನ್ನನ್ನು ಮಾತ್ರ ಕಾಪಾಡಿದರು ಎಂದುಕೊಂಡಿದ್ದೆನಲ್ಲ, ಅವರು ಮಾವನನ್ನೂ ಕಾಪಾಡಿದ್ದರು, ಮಾವ ಆಡಿಕೊಂಡು ನಗುತ್ತಿದ್ದಷ್ಟು ವರ್ಷವೂ.

ಎರಡು ದಿನದ ಮೇಲೆ ಅತ್ತೆ ಹೋಗಿಬಿಟ್ಟರು.

ತಿಥಿಯ ದಿನ ಊಟ ಮುಗಿದು ನೆಂಟರು ಜಗಲಿಯಲ್ಲಿ ಕೂತಿದ್ದಾಗ ಮಾವ ಕಣ್ಣೊರೆಸಿಕೊಳ್ಳುತ್ತ, "ಹುಳ ಸಾಕೋದ್ರಲ್ಲಿ ನಮ್ಮೋಳನ್ನ ಮೀರಿಸೋರಿರ್ಲಿಲ್ಲ. ಒಂದೇ ಒಂದು ಬೆಳೆ ಕೊಂದ್ಲು ನೋಡಿ, ಕೈ ತೊಳೀದೆ," ಎಂದು ಅಳುವಿನಲ್ಲೇ ನಕ್ಕರು. ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ. ನೆಂಟರೆಲ್ಲ ಹೋದ ಮೇಲೆ ಮಾವನ ಮುಂದೆ ಹೋಗಿ ನಿಂತೆ. ಔಷಧಿ ತಂದದ್ದು, ಬಚ್ಚಿಟ್ಟದ್ದು, ಹೊಡೆದದ್ದು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ.

"ಇಷ್ಟು ವರ್ಷ ಆಡ್ಕೊಂಡೆನಲ್ಲಮ್ಮ ಅವಳನ್ನ. ಒಂದು ಸಲನಾದ್ರೂ ತಿರುಗಿ ಬೈಬಾರ್ದಿತ್ತಾ ನನ್ನ," ಅಂದರು ಮಾವ. ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ತಲೆ ಎತ್ತಿ, "ಅಲ್ಲಮ್ಮ, ನೀನು ಹೊಡ್ದಿದ್ದು ಹೂವಿಗೆ. ಹುಳುಮನೆ ಬಾಗ್ಲು ಹಾಕಿತ್ತು. ಹುಳಕ್ಕೆ ಹೆಂಗೆ ಹೋಯ್ತು?" ಎಂದು ಕೇಳಿದರು.

ಇವತ್ತು ಒಂದು ಮಾತನ್ನೂ ಮುಚ್ಚಿಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಬಂದಿದ್ದೆ. ಅವರ ಕೈಗಳು ತೊಡೆಯ ಮೇಲಿದ್ದವು, ಹಿಪ್ಪುನೇರಳೆ ಕಡ್ಡಿ ಕುಯ್ದು ಕುಯ್ದು ಗಂಟು ಬಿದ್ದ ಕೈಗಳು. ಆ ಪ್ರಶ್ನೆಗೆ ಉತ್ತರ ಹೇಳಿದರೆ ಇನ್ನುಳಿದಷ್ಟು ದಿನ ಅವರು ಆ ಕೈಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ನೆನೆದು, ಅಂಗಳದಲ್ಲಿ ಮಗುವಿನ ಬಾಯಿ ಕಂಡಾಗ ಆದಷ್ಟೇ ಭಯ ನನಗಾಯಿತು.

"ಕೈ ಸರಿಯಾಗಿ ತೊಳೀದೆ ನಾನೇ ಒಳಗೆ ಹೋಗಿದ್ದೆ ಮಾವ," ಅಂದೆ.

"ನೀನೇನಾ?"

"ನಾನೇ."

"ಹೋಗ್ಲಿ ಬಿಡಮ್ಮ," ಅಂದರು ಮಾವ. "ಮಗು ಉಳೀತಲ್ಲ."

ಮಾವನಿಗೆ ಓದಲು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ನಮ್ಮ ಕಡೆಯವರು ಯಾರಾದರೂ ಓದಿದರೆ, ಕೈ ಮುಗಿದು ಕೇಳಿಕೊಳ್ಳುತ್ತೇನೆ, ಅವರಿಗೆ ಓದಿ ಹೇಳಬೇಡಿ.